ನೀರು ಬರುವ ಬಾಗಿಲು

ನಮ್ಮೂರು ಕೃಷ್ಣೆಯ ನಡುಗಡ್ಡೆ. ಅಲ್ಲಿನ ಮನೆಗಳಿಗೆ ಎದೆಮಟ್ಟದ ಕಲ್ಲುಕಟ್ಟೆ, ಮಣ್ಣಿನ ಮಾಳಿಗೆ, ಹೊಳೆಯ ಕಡೆಗೆ ಒಂದೇ ಒಂದು ಬಾಗಿಲು. ಹೊಳೆಯಲ್ಲಿ ಸತ್ತು ಹೆಣ ಸಿಗದವರು ಪ್ರವಾಹದ ಜೊತೆ ಮನೆ ನೋಡಲು ಬರುತ್ತಾರೆಂದು ನಂಬಿಕೆ. ನೀರು ಹೊಸ್ತಿಲು ಮುಟ್ಟಿದ ಮೇಲೆ ಅರಿಸಿನ ಕುಂಕುಮ ಬಿಟ್ಟು, "ನೋಡಿದ್ರಲ್ಲ, ಹೋಗಿ ಬರ್ರಿ" ಎಂದು ಹೇಳಿಯೇ ಮನೆ ಬಿಡಬೇಕು. ಹೇಳುವವರು ಇಲ್ಲದಿದ್ದರೆ ಒಬ್ಬರನ್ನು ಕರೆದುಕೊಂಡೇ ಹೋಗುತ್ತಾರಂತೆ. ನಮ್ಮಪ್ಪ ಹರಿಗೋಲು ಮಗುಚಿ ಹೋದವನು, ಸಿಗಲೇ ಇಲ್ಲ.

ನಾನು ಕಾಶಿಯಲ್ಲಿ ಪಾಠ ಹೇಳುವವಳು. ಗಂಗೆಯ ದಂಡೆಗೆ ಹತ್ತಿರದ ಬಂಗಾಲಿ ಟೋಲಾ ಓಣಿಯ ಹಳೆಯ ಮನೆಯೊಂದರ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದೆ. ಅವ್ವ ಬಂದಿದ್ದಾಗಲೇ ಗಂಗೆ ಏರಿತು. ಬೆಳಿಗ್ಗೆಯೇ ಚೀಲ ಕಟ್ಟಿಟ್ಟೆ. ಅವ್ವ ಜಪ್ಪಯ್ಯ ಅಂದರೂ ಏಳಲಿಲ್ಲ.

"ಹೊಸ್ತಿಲತನಾ ಬರಲಿ. ನಿಮ್ಮಪ್ಪಗ ಒಂದು ಮಾತು ಹೇಳಿ ಹೋಗಣ."

"ಅಪ್ಪ ಹೋಗಿದ್ದು ಕೃಷ್ಣಾದಾಗ. ಇದು ಗಂಗಾ, ಅವ್ವ."

"ನೀರಿಗೇನು ನಿನ್ನಂಗ ಬಾಡಿಗಿ ಮನಿ ಐತೇನು, ಒಂದ ಕಡಿ ಇರಾಕ?"

ವಾದದಲ್ಲಿ ಅವಳನ್ನು ಗೆದ್ದವರಿಲ್ಲ. ನಿಜ ಹೇಳಬೇಕೆಂದರೆ, ಆ ಮಾತು ಹೇಳದೆ ಎದ್ದು ಹೋಗುವ ಧೈರ್ಯ ನನಗೂ ಇರಲಿಲ್ಲ. ನಾಲ್ಕು ವರ್ಷದ ಮಗಳು ಓಣಿಯ ನೀರಿಗೆ ಓಡಬಾರದೆಂದು ಅವಳನ್ನು ಹಿಂದಿನ ತಗ್ಗಿನ ಕೋಣೆಯಲ್ಲಿ ಮಲಗಿಸಿ, ಹೊರಗಿನಿಂದ ಚಿಲಕ ಹಾಕಿದೆ. ಆಮೇಲೆ ಅವ್ವ, ನಾನು ಇಬ್ಬರೂ ಮುಂಬಾಗಿಲಲ್ಲಿ ಕೂತೆವು. ಮಧ್ಯಾಹ್ನದ ಹೊತ್ತಿಗೆ ಕೆಂಪು ನೀರಿಗೂ ಹೊಸ್ತಿಲಿಗೂ ನಡುವೆ ಎರಡೇ ಮೆಟ್ಟಿಲು.

ಒಳಗಿನಿಂದ ಮಗಳು ಚೀರಿದಳು.

ಓಡಿಹೋಗಿ ಚಿಲಕ ಎಳೆದೆ. ಬಾಗಿಲು ತೆರೆದರೆ ಹಾಸಿಗೆ ತೇಲುತ್ತಿತ್ತು, ಮಗಳು ಸೊಂಟದವರೆಗೆ ನೀರಲ್ಲಿ ನಿಂತು ಗೋಡೆಗೆ ಒತ್ತಿಕೊಂಡಿದ್ದಳು. ಕೋಣೆಯ ಮೂಲೆಯ ಬಚ್ಚಲ ಮೋರಿಯಿಂದ ಗಂಗೆ ಗಳಗಳ ಉಕ್ಕುತ್ತಿತ್ತು. ಕಾಶಿಯ ಮನೆಗಳಿಗೆ ಪ್ರವಾಹ ಮೊದಲು ಬರುವುದೇ ಹೀಗೆ ಎಂದು ಇಲ್ಲಿಯ ಮಕ್ಕಳಿಗೂ ಗೊತ್ತು. ನಾನು ನಡುಗಡ್ಡೆಯವಳು, ಮುಂಬಾಗಿಲನ್ನೇ ನೋಡುತ್ತಾ ಕೂತಿದ್ದೆ.

ಮಹಡಿಯ ಮನೆಯವರು ನಮ್ಮನ್ನು ಮೇಲಕ್ಕೆ ಕರೆದು ಚಹಾ ಕೊಟ್ಟರು. ಮಗಳು ಅಜ್ಜಿಯ ತೊಡೆಯ ಮೇಲೆ ಬಿಕ್ಕುತ್ತಿದ್ದಳು. ಅವ್ವ ಅವಳ ಒದ್ದೆ ತಲೆ ಸವರುತ್ತಾ ಮೆಲ್ಲಗೆ ಹೇಳಿದಳು:

"ನಿಮ್ಮಪ್ಪ ಹಿಂದಿನಿಂದ ಬಂದಿದ್ರು. ಹೋಗಿ ಬರ್ರಿ ಅನ್ನಾಕ ಅಲ್ಲಿ ಯಾರೂ ಇರ್ಲಿಲ್ಲ. ಮೊಮ್ಮಗಳನ್ನ ನೋಡ್ಯಾರ. ಇನ್ನ ಬಿಡಂಗಿಲ್ಲ."

ಹುಟ್ಟಿದಾಗಿನಿಂದ ಮೊದಲ ಸಲ ಅವ್ವನನ್ನು ಕಂಡು ನನಗೆ ಹೆದರಿಕೆಯಾಯಿತು. ಮಗಳನ್ನು ಅವಳ ತೊಡೆಯಿಂದ ಎತ್ತಿಕೊಂಡು ಕೋಣೆಯ ಆಚೆ ಮೂಲೆಗೆ ಹೋಗಿ ಕೂತೆ.