ಗಂಟು ಬಿಚ್ಚಿದ ಮೇಡಂ

ಬಳ್ಳಾರಿಯ ನರ್ಸಿಂಗ್ ಕಾಲೇಜಿನಲ್ಲಿ ಆ ಮೇಡಂ ಕಲಿಸುತ್ತಿದ್ದುದು ನಮಗೆಲ್ಲ ಬೇಸರ ತರುತ್ತಿದ್ದ ವಿಷಯ: ಮನಃಶಾಸ್ತ್ರ, ಸಮಾಜಶಾಸ್ತ್ರಗಳ ಸಿದ್ಧಾಂತಗಳನ್ನು ರೋಗಿಯ ಆರೈಕೆಗೆ ಬಳಸುವ ಬಗೆ. ಎರಡು ಸಾಲು ಓದಿಸಿ ಕನ್ನಡಕವನ್ನು ಹಣೆಗೇರಿಸುವರು. "ಪುಸ್ತಕ ಮುಚ್ರಿ, ಮಂಚದ ಹತ್ರ ನಡೀರಿ," ಎನ್ನುವರು.

ಒಮ್ಮೆ ಆಸ್ಪತ್ರೆಯ ವಾರ್ಡಿನಲ್ಲಿ ರಾರಾವಿ ಎಂಬ ಹಳ್ಳಿಯ ಮುದುಕಿಯೊಬ್ಬಳ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಸಲೈನ್ ಸೂಜಿ ಕಿತ್ತುಕೊಂಡು ಏಳುತ್ತಿದ್ದಳಂತೆ. ಮೇಡಂ ಗಂಟು ಬಿಚ್ಚತೊಡಗಿದರು.

"ಕಟ್ರಿ ಅಂತ ಡಾಕ್ಟ್ರು ಹೇಳ್ಯಾರ, ಮೇಡಂ," ಎಂದರು ವಾರ್ಡಿನ ಸಿಸ್ಟರ್.

"ಯಾಕ ಏಳ್ತಾಳ ಅಂತ ಯಾರಾದ್ರೂ ಕೇಳೀರೇನು?" ಎಂದ ಮೇಡಂ ಮುದುಕಿಯತ್ತ ಬಾಗಿದರು. "ಅವ್ವಾ, ಎಲ್ಲಿಗೆ ಹೋಗಾಕ ಏಳ್ತಿ?"

"ನನ್ನ ಮಗಳು ಹೊರಗ ಕುಂತಾಳ," ಎಂದಳು ಮುದುಕಿ. "ಆಕಿಗೆ ಮಾತು ಬರಂಗಿಲ್ಲ. ಯಾರನ್ನ ಏನಂತ ಕೇಳ್ತಾಳ?"

ಮೇಡಂ ನಮ್ಮತ್ತ ತಿರುಗಿದರು. "ಮಲಗಿದಾಕಿ ಒಬ್ಬಾಕಿ, ಜಡ್ಡು ಬಂದಿದ್ದು ಇಡೀ ಮನಿಗೆ. ಇದನ್ನ ನಿನ್ನೆ ಓದಿದ್ರಿ."

ಗೇಟಿನವನು ತಡೆದರೂ ಲೆಕ್ಕಿಸದೆ ಮಗಳನ್ನು ಕೈಹಿಡಿದು ಕರೆತಂದರು. ಅವಳು ತಾಯಿಯ ಕಾಲ ಬಳಿ ಕುಳಿತಳು. ಮತ್ತೆ ಸೂಜಿ ಚುಚ್ಚಿದಾಗ ಮುದುಕಿ ಅಲುಗಲಿಲ್ಲ.

ಆದರೂ ಆಸ್ಪತ್ರೆಯಿಂದ ಕಾಲೇಜಿಗೆ ದೂರು ಹೋಯಿತು. ಪ್ರಿನ್ಸಿಪಾಲರು ಕ್ಷಮೆ ಕೇಳಲು ಹೇಳಿದರು. "ಕೈ ಬಿಚ್ಚಿದ್ದಕ್ಕ ನಾ ತಪ್ಪಾತು ಅನ್ನಾಂಗಿಲ್ಲ, ಸರ್," ಎಂದರು ಮೇಡಂ. ಇನ್ನು ವಾರ್ಡಿಗೆ ಹೋಗಬಾರದೆಂದು ಅವರಿಗೆ ಆದೇಶ ಬಂತು.

ಮರುದಿನ ಮೇಡಂ ನಮ್ಮೆಲ್ಲರ ಕೈಗಳನ್ನು ಬ್ಯಾಂಡೇಜಿನಿಂದ ಬೆಂಚಿಗೆ ಕಟ್ಟಿ ಪಾಠ ಶುರುಮಾಡಿದರು. ಮೂಗು ತುರಿಸಿತು, ಬೆವರು ಕಣ್ಣಿಗಿಳಿಯಿತು. ಕೆಲವರು ಅತ್ತೇಬಿಟ್ಟರು. ಗದ್ದಲ ಕೇಳಿ ಪ್ರಿನ್ಸಿಪಾಲರು ಬಾಗಿಲಿಗೆ ಬಂದರು.

"ಪಾಠ ನಡದೈತ್ರಿ ಸರ್," ಎಂದು ಮೇಡಂ ಇನ್ನೊಂದು ಬ್ಯಾಂಡೇಜಿನ ಸುರುಳಿ ಬಿಚ್ಚಿದರು. "ಒಳಗ ಬರ್ರಿ. ನಿಮ್ಮ ಕೈನೂ ಕೊಡ್ರಿ."