ಸೇಡಂ, ಸೇರಂ, ಸೇಜಂ

ಕಾದ ಫರಸಿಯ ಮೇಲೆ ನೀರು ಬಿದ್ದಾಗ ಏಳುವ ವಾಸನೆಯನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮೊನ್ನೆ ಶಹಾಬಾದಿನ ನನ್ನ ಮನೆಯಂಗಳದಲ್ಲಿ ಧೂಳು ಮೆತ್ತಿದ್ದ ಹಳೆಯ ಫರಸಿಕಲ್ಲೊಂದಕ್ಕೆ ಕೊಡ ನೀರು ಸುರಿದೆ. ಆ ವಾಸನೆ ಎದ್ದದ್ದೇ ತಡ, ಸೇಡಂನ ನಮ್ಮ ಮನೆ, ಪಡಸಾಲೆಯ ತಂಪು, ರೊಟ್ಟಿ ಬಡಿಯುವ ಸದ್ದು, ಆಯಿಯ ಬಳೆ ಎಲ್ಲವೂ ಒಟ್ಟಿಗೇ ಬಂದು ನಿಂತವು. ಆ ಮನೆ ಈಗಿಲ್ಲ. ಜಾಗ ಕೈಬದಲಾಗಿ ಅಲ್ಲಿ ಅಂಗಡಿ ಸಾಲು ಎದ್ದಿದೆ. ಬಾಗಿಲ ಪಕ್ಕ ಗೋಡೆಗೆ ಕೂಡಿಸಿದ್ದ ಈ ಕಲ್ಲೊಂದನ್ನು ಮಾತ್ರ ಜಗಳವಾಡಿ ತಂದಿದ್ದೇನೆ.

ಅದರ ಮೇಲೆ ಊರ ಹೆಸರಿದೆ, ಕನ್ನಡದಲ್ಲೊಮ್ಮೆ, ಉರ್ದುವಿನಲ್ಲೊಮ್ಮೆ. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದವರು. ವಚನ ಹೇಳುವುದು ಕನ್ನಡದಲ್ಲಿ, ಬರೆಯುವುದು ಉರ್ದುವಿನಲ್ಲಿ. ಅವರ ಹೆಂಡತಿ ನಮ್ಮ ಆಯಿ ಚಿಂಚೋಳಿ ಗಡಿಯವಳು, ಸಿಟ್ಟು ಬಂದರೆ ತೆಲುಗು. ಮೂರೂ ಭಾಷೆಗಳಲ್ಲಿ ಊರು ಸೇಡಂ ಆಗಿಯೇ ಇತ್ತು. ಇಂಗ್ಲಿಷಿನಲ್ಲಿ ಮಾತ್ರ, ಉರ್ದುವಿನ ಆ ಡಕಾರ ಒಗ್ಗದೆ, ಹಳೆಯ ಕಾಗದಗಳಲ್ಲೆಲ್ಲ ಸೇರಂ ಎಂದಾಗಿತ್ತು. "ನಾಲಿಗಿ ಹೊಳ್ಳದವರು ಇಟ್ಟ ಹೆಸರು" ಎಂದು ಮುತ್ಯಾ ನಗುತ್ತಿದ್ದರು.

ಆದರೆ ಆ ಸೇರಂ ಅವರ ಗೋಡೆಗೇ ಬಂದು ಕೂತಿತು. ಉರ್ದುವಿನಲ್ಲಿ ರ ಅಕ್ಷರದ ನೆತ್ತಿಯ ಮೇಲೆ ಒಂದು ಪುಟ್ಟ ಗುರುತು ಬರೆದರೇನೇ ಅದು ಈ ಡ ಆಗುವುದು. ಮುತ್ಯಾ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಚೆಂದವಾಗಿ ಬರೆದುಕೊಟ್ಟಿದ್ದರು. ಕೆತ್ತಲು ಬಂದ ರಾವೂರಿನವನಿಗೆ ಉರ್ದು ಬಾರದು.

"ಮ್ಯಾಲಿನ ಗುರ್ತು ಸುಣ್ಣ ಸಿಡದದ ಅನ್ಕೊಂಡು ಒರಸಿಬಿಟ್ಟೆನ್ರಿ" ಎಂದ, ಕಲ್ಲನ್ನು ಗೋಡೆಗೆ ಕೂಡಿಸಿಯಾದ ಮೇಲೆ. ಮತ್ತೆ ಕೆತ್ತೋಣವೆಂದರೆ ಅಲ್ಲಿ ಕಲ್ಲಿನ ಪದರು ಎದ್ದಿತ್ತು. ಉಳಿ ತಾಗಿದರೆ ಹೆಸರೇ ಚೂರಾಗುತ್ತಿತ್ತು.

ಮುತ್ಯಾಗೆ ಅವಮಾನವಾಯಿತು. ತಾನೇ ಕಟ್ಟಿಸಿದ ಮನೆಗೆ ಹಿತ್ತಲ ಬಾಗಿಲಿನಿಂದ ಬರತೊಡಗಿದರು. ಕೇಳಿದರೆ, "ಮುಂದಿಂದು ಬ್ಯಾರೆ ಊರದ. ನಾ ಸೇಡಂನವ" ಎನ್ನುತ್ತಿದ್ದರು. ನಮಗೆ ಮಕ್ಕಳಿಗೆ ಅದು ಆಟ, ಆಯಿಗೆ ಮಾತ್ರ ಸಂಕಟ. ಯಜಮಾನನೇ ತುಳಿಯದ ಹೊಸ್ತಿಲಿಗೆ ದಿನಾ ಅರಿಶಿನ ಹಚ್ಚುವುದು ಹೇಗೆ? ಒಂದು ಬೆಳಿಗ್ಗೆ ಆಕೆ ಶೇಂಗಾ ಎಣ್ಣೆಯಲ್ಲಿ ಕುಂಕುಮ ಕಲಸಿ, ಆ ಅಕ್ಷರದ ನೆತ್ತಿಗೆ ದುಂಡಗೆ ಬೊಟ್ಟು ಇಟ್ಟಳು.

ಪೇಟೆಯಿಂದ ಬರುತ್ತಿದ್ದ ಮುತ್ಯಾ ಓಣಿಯಲ್ಲೇ ನಿಂತುಬಿಟ್ಟರು. "ಏನ್ ಮಾಡೀದಿ ಇದು? ದುಂಡ ಚುಕ್ಕಿ ಇಟ್ರ ಜ ಆಗ್ತದ! ಸೇರಂ ಹೋಗಿ ಸೇಜಂ ಆತು!"

"ಹಂಗಾರ ನೀವೇ ಬಂದು ತೋರಸ್ರಿ. ಹಿತ್ತಲದಾಗ ಕುಂತ್ರ ಅಕ್ಷರ ಸುದ್ದ ಆಗ್ತದೇನು?"

ಓಣಿಯೆಲ್ಲಾ ನಕ್ಕಿತು. ಮುತ್ಯಾ ದಡದಡ ಮೆಟ್ಟಿಲೇರಿ ಬಂದು, ಎಲ್ಲರೆದುರಿಗೇ ಆಯಿಯ ಬೆರಳು ಹಿಡಿದು, ಆ ಗುರುತನ್ನು ಬರೆಸಿದರು: ಸಣ್ಣದೊಂದು ಗೆರೆ, ಪಕ್ಕಕ್ಕೊಂದು ಪುಟ್ಟ ಹೊಟ್ಟೆ. ಆಯಿ ನಾಚಿ ಕೆಂಪಾದಳು. ಮುತ್ಯಾ ಅದೇ ಗುಂಗಿನಲ್ಲಿ ಮುಂಬಾಗಿಲಿನಿಂದಲೇ ಒಳಗೆ ಹೋದರು. ಆಮೇಲೆ ಹಿತ್ತಲಿನ ನೆನಪು ಯಾರೂ ತೆಗೆಯಲಿಲ್ಲ. ಕೈ ಆಡುವವರೆಗೂ ಆಯಿ ಬೆಳಿಗ್ಗೆ ಎದ್ದು ಹೊಸ್ತಿಲ ಪೂಜೆಯ ಜೊತೆಗೆ ಆ ಗುರುತನ್ನೂ ಬರೆದಳು.

ಮೊನ್ನೆ ಕಲ್ಲು ತೊಳೆಯುವಾಗ ನನಗೆ ಅಳುಕಿತ್ತು. ಕುಂಕುಮ ಎಂದೋ ಹೋಗಿದೆ. ಇಷ್ಟು ಜಗಳವಾಡಿ ತಂದು ನನ್ನ ಗೋಡೆಗೂ ಸೇರಂ ಎಂದೇ ಕೂಡಿಸಬೇಕೇ? ಪಕ್ಕದ ಮನೆಯ ಶಮೀಮ್ ಬೀ, ಉರ್ದು ಶಾಲೆಯಲ್ಲಿ ಕಲಿಸಿದವರು, ಬಂದು ಪಕ್ಕದಲ್ಲಿ ಕುಳಿತರು. ಬಿಸಿಲಿಗೆ ಕಲ್ಲು ಆರುತ್ತಾ ಬಂತು. ಒಂದು ಕಡೆ ಮಾತ್ರ ಆರಲೇ ಇಲ್ಲ. ಎಣ್ಣೆ ಕುಡಿದು ಕುಡಿದು ಕಪ್ಪಾಗಿದ್ದ ಕಲೆ: ಸಣ್ಣದೊಂದು ಗೆರೆ, ಪಕ್ಕಕ್ಕೊಂದು ಪುಟ್ಟ ಹೊಟ್ಟೆ.

"ಸೇಡಂ" ಎಂದು ಶಮೀಮ್ ಬೀ ಗಟ್ಟಿಯಾಗಿ ಓದಿದರು. "ಭಾಳ ಛಂದ ಅದರಿ. ಯಾರ ಕೈ ಇದು?"

"ನಮ್ಮ ಆಯಿದ್ರಿ."

"ಉರ್ದು ಬರ್ತಿತ್ತೇನ್ರಿ ಅವರಿಗಿ?"

"ಇಷ್ಟೇ ಬರ್ತಿತ್ರಿ" ಎಂದೆ. ನನಗೆ ಕುಣಿಯುವಷ್ಟು ಖುಷಿಯಾಗಿತ್ತು, ಕಣ್ಣಲ್ಲಿ ನೀರೂ ಇತ್ತು. ಮುತ್ಯಾ ಇಲ್ಲ, ಆಯಿ ಇಲ್ಲ, ಅವರು ದಾಟಿದ ಆ ಹೊಸ್ತಿಲೂ ಇಲ್ಲ. ಊರ ಹೆಸರು ಮಾತ್ರ ಸರಿಯಾಗಿದೆ.