ನನ್ನ ತೂಕದ ಜೋಳ

ಅಥವಾ ದಾರವನ್ನು ಮಿಸ್ತ್ರಿ ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿರಲಿಲ್ಲವೇನೋ. ಬಾಯಲ್ಲಿ ಇದ್ದದ್ದು ಅಡಿಕೆಯ ಚೂರು, ದಾರ ಕಿವಿಯ ಮೇಲಿತ್ತು. ಎರಡನ್ನೂ ನಾನೇ ಬೆರೆಸಿಬಿಟ್ಟಿರಬಹುದು. ಖಚಿತವಾಗಿ ನೆನಪಿರುವುದು ಅವರ ಬಲಗೈ ಹೆಬ್ಬೆರಳಿನ ಉಗುರು. ನಡುವೆ ಸೀಳಿ ಎರಡಾಗಿತ್ತು, ಸೀಳಿನಲ್ಲಿ ಗ್ರೀಸು ಕಪ್ಪಗೆ ಕೂತಿತ್ತು. ದಾರದ ತುದಿಯನ್ನು ಆ ಸೀಳಿಗೆ ಸಿಕ್ಕಿಸಿ, ಹಿಂದಿನ ಗಾಲಿಯ ಅಚ್ಚಿನಿಂದ ಸೀಟಿನ ಕೆಳಗಿನ ಕಬ್ಬಿಣದವರೆಗೆ ಎಳೆದು ಒಂದು ಗಂಟು ಹಾಕುತ್ತಿದ್ದರು. ಗಾಡಿಯ ಮೇಲೆ ಭಾರ ಇಟ್ಟ ಮೇಲೆ ಮತ್ತೊಂದು ಗಂಟು. ಎರಡು ಗಂಟುಗಳ ನಡುವಿನ ಅಂತರವೇ ಅವರ ಲೆಕ್ಕ. ಅಳತೆ ಟೇಪು ಗೋಡೆಯ ಮೊಳೆಗೆ ನೇತಾಡುತ್ತಿತ್ತು, ಅದನ್ನು ಮುಟ್ಟಿದ್ದು ನೋಡಿಲ್ಲ.

ಬೀದರಿನ ಮೈಲೂರಿನಲ್ಲಿ ಅವರ ಶೆಡ್ಡು. ಎಲ್ಲರೂ ಮಿಸ್ತ್ರಿ ಎನ್ನುತ್ತಿದ್ದರು, ನಾನು ಕಾಕಾ ಎನ್ನುತ್ತಿದ್ದೆ. ಮೊದಲು ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವರು. ಅಷ್ಟೂರಿಗೆ ಸುಲ್ತಾನರ ಗೋರಿ ನೋಡಲು ಬರುವವರನ್ನು ನಂಬಿ ಒಬ್ಬ ಮಾಲೀಕರು ಅಲ್ಲೇ ಹತ್ತಿರದ ಬೀಳು ಹೊಲದಲ್ಲಿ ಕ್ವಾಡ್ ಬೈಕುಗಳನ್ನು ತಂದಿಟ್ಟಾಗ, ಅವುಗಳ ಜವಾಬ್ದಾರಿ ಮಿಸ್ತ್ರಿಗೆ ಬಂತು. ನಾಲ್ಕು ದಪ್ಪ ಗಾಲಿ, ಒಬ್ಬರೇ ಕೂರುವ ಸೀಟು, ಮಣ್ಣಿನ ದಿಬ್ಬದಿಂದ ಹಾರಲೆಂದೇ ಮಾಡಿದ ಗಾಡಿ. ಮಿಸ್ತ್ರಿ ಅದಕ್ಕೆ ಚೌಪಾಯ ಎಂದರು. ನಾಲ್ಕು ಕಾಲಿನ ಪ್ರಾಣಿ. ಭಾನುವಾರ ಜನರ ಮುಂದೆ ಅದನ್ನು ಹಾರಿಸುವುದು ನಮ್ಮ ಕೆಲಸ. ಸವಾರರು ನಾಲ್ವರಿದ್ದೆವು.

ಸ್ಪ್ರಿಂಗಿನ ಬಿಗಿಯನ್ನು ಸವಾರನ ತೂಕಕ್ಕೆ ಹೊಂದಿಸಬೇಕು. ಅದು ಎಲ್ಲ ಕಡೆಯೂ ಇರುವ ಪದ್ಧತಿ. ಸವಾರ ಕೂರುತ್ತಾನೆ, ಗಾಡಿ ಎಷ್ಟು ಇಳಿಯಿತೆಂದು ನೋಡುತ್ತಾರೆ, ಸ್ಪ್ರಿಂಗಿನ ಮೇಲಿನ ಬಳೆಯನ್ನು ತಿರುಗಿಸುತ್ತಾರೆ. ಮಿಸ್ತ್ರಿಗೆ ಅಷ್ಟು ಸಾಲದು. ಬೆಳಗಿನಿಂದ ಸಂಜೆಯವರೆಗೆ ಭಾರ ಹೊತ್ತ ಮೇಲೆಯೇ ಸ್ಪ್ರಿಂಗು ನಿಜ ಹೇಳುತ್ತದೆ ಎಂಬುದು ಅವರ ನಂಬಿಕೆ. ಅದಕ್ಕಾಗಿ ಪ್ರತಿಯೊಬ್ಬ ಸವಾರನಿಗೂ ಒಂದು ಚೀಲ. ಕಾಳಿನ ಪೇಟೆ ಗಂಜಿನಿಂದ ದೊಡ್ಡ ತಕ್ಕಡಿ ತರಿಸಿ, ನನ್ನನ್ನು ಒಂದು ತಟ್ಟೆಯಲ್ಲಿ ಕೂರಿಸಿ, ಇನ್ನೊಂದರಲ್ಲಿ ಚಿಂತಾಕಿಯ ನಮ್ಮ ಮನೆಯಿಂದ ತಂದ ಜೋಳ ಸುರಿದು, ಮುಳ್ಳು ನಡುವಿಗೆ ನಿಂತಾಗ ಚೀಲದ ಬಾಯಿ ಕಟ್ಟಿ, ಕಲ್ಲಿಟ್ಟು ತೂಗಿದ ಲೆಕ್ಕವನ್ನು ನೀಲಿ ಬಣ್ಣದಲ್ಲಿ ಗುರುತು ಹಾಕಿದರು.

"ನಾನೇ ಕುಂದರ್ತೇನಿ ಬಿಡ್ರಿ ಕಾಕಾ. ದಿನಾ ಪೂರಾ ಕುಂದರ್ತೇನಿ."

"ನೀ ಕುಂತರ ಅಳ್ಳಾಡ್ತಿ. ಅಂಜಿಕಿಗೂ ಒಂದು ತೂಕ ಅದ. ಜೋಳ ಅಂಜೂದಿಲ್ಲ."

"ಹಸಿವಾದ್ರ ರೊಟ್ಟಿ ಮಾಡಿ ತಿಂತೇವಿ ನೋಡ್ರಿ ಮತ್ತ."

ಅವರು ನಗಲಿಲ್ಲ. "ಇನ್ನ ಮ್ಯಾಲ ಇದು ಜೋಳ ಅಲ್ಲ. ಇದು ನೀ. ನಿನ್ನ ನೀ ತಿಂತಿ ಏನು?"

ಸಂಜೆ ಚೀಲ ಇಳಿಸಿ, ಗಾಡಿಯ ಹಿಂಭಾಗವನ್ನು ಎರಡೂ ಕೈಯಿಂದ ಒತ್ತಿ ಬಿಡುತ್ತಿದ್ದರು. ಒಮ್ಮೆ ಎದ್ದು ನಿಲ್ಲಬೇಕು. ಕುಣಿದರೆ ಕೆಳಗಿನ ಸ್ಕ್ರೂ ಇನ್ನೊಂದಿಷ್ಟು ತಿರುಗಿಸುವರು. "ಎಮ್ಮಿ ಎದ್ದಂಗ ಏಳಬೇಕು, ಆಡು ಜಿಗದಂಗ ಅಲ್ಲ" ಎನ್ನುವರು. ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಅಥವಾ ಒಂದೇ ಸಲ ಕೇಳಿ, ಎಷ್ಟೋ ಸಲ ನೆನೆಸಿಕೊಂಡಿದ್ದೇನೆ.

ಆಮೇಲೆ ಎರಡು ವರ್ಷ ಮಳೆ ಇಲ್ಲ. ಮೂವರು ಸವಾರರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು, ತಮ್ಮ ಚೀಲಗಳನ್ನೂ ಹೊತ್ತು ಹೋದರು. ಶೆಡ್ಡಿನ ಮೂಲೆಯಲ್ಲಿ ನನ್ನದೊಂದೇ ಉಳಿಯಿತು. ಮಿಸ್ತ್ರಿಯ ಮನೆಯಲ್ಲಿ ಒಲೆ ಹೊತ್ತದ ದಿನಗಳಿದ್ದವು. ಹಗ್ಗ ಬಿಗಿದ ಆ ಚೀಲ ಅಲ್ಲೇ ನಿಂತಿತ್ತು.

ಭಾಲ್ಕಿ ಕಡೆ ಒಂದು ಕೆರೆ ಒಣಗಿತ್ತು. ಅದರ ಅಂಗಳದಲ್ಲಿ ದಿಬ್ಬ ಎಬ್ಬಿಸಿ ಗಾಡಿ ಹಾರಿಸುವ ಪಂದ್ಯ ಇಟ್ಟರು. ಮಾಲೀಕರು ನನಗೆ ನೇರವಾಗಿ ಹೇಳಿದ್ದರು: ಅಲ್ಲಿ ಚೆನ್ನಾಗಿ ಹಾರಿಸಿದರೆ ಬೇಸಿಗೆಯಲ್ಲೂ ಕೆಲಸ, ಇಲ್ಲವಾದರೆ ನಾನೂ ಹೈದರಾಬಾದಿಗೆ ಊರವರ ಲಾರಿ ಹತ್ತಬಹುದು.

ಪಂದ್ಯಕ್ಕೆ ಎರಡು ದಿನ ಮುಂಚೆ, ಮಧ್ಯಾಹ್ನ, ಔರಾದಿನ ಬಸ್ಸಿಳಿದು ಅಕ್ಕ ಶೆಡ್ಡಿಗೆ ಬಂದಳು. ಕಂಕುಳಲ್ಲಿ ಒಂದು ಮಗು, ಸೆರಗು ಹಿಡಿದ ಇನ್ನೊಂದು. ಅವಳ ಗಂಡ ಆಗಲೇ ಹೈದರಾಬಾದ್ ಸೇರಿದ್ದ, ಅವಳೂ ಅಲ್ಲಿಗೇ ಹೊರಟಿದ್ದಳು.

"ಅಲ್ಲಿ ಹೋಗಿ ನಾಕು ದಿನ ಒಲಿ ಹಚ್ಚಲಿಕ್ಕ ಏನರ ಅದ ಏನೋ ತಮ್ಮಾ?"

ಮಿಸ್ತ್ರಿ ಕೊಡ ಹಿಡಿದು ನೀರಿನ ಟ್ಯಾಂಕರಿನ ಸಾಲಿನಲ್ಲಿದ್ದರು. ಬಾಗಿಲಿನಿಂದ ಅವರ ಬೆನ್ನು ಕಾಣುತ್ತಿತ್ತು. ನಾನು ಹಗ್ಗ ಬಿಚ್ಚಿ, ಎಣ್ಣೆಯ ಹಳೇ ಡಬ್ಬಿಯಲ್ಲಿ ಒಂದು ಡಬ್ಬಿ ಜೋಳ ತೆಗೆದು ಅಕ್ಕನ ಗಂಟಿಗೆ ಸುರಿದೆ. ಅಷ್ಟೇ ತೂಕದ ಮರಳು ತುಂಬಿಡಬೇಕು ಅಂದುಕೊಂಡೆ. ತುಂಬಲಿಲ್ಲ. ಮರೆತೆ ಎಂದು ಎಷ್ಟೋ ವರ್ಷ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಒಂದು ಡಬ್ಬಿಯಿಂದ ಏನಾಗುತ್ತದೆ ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಮಿಸ್ತ್ರಿ ಚೀಲವನ್ನು ಎತ್ತಿ ಸೀಟಿನ ಮೇಲೆ ಕಟ್ಟಿದರು. ಎತ್ತುವಾಗ ಒಂದು ಕ್ಷಣ ತಡೆದರು. ಇದೂ ನಾನು ಆಮೇಲೆ ಸೇರಿಸಿದ್ದಿರಬಹುದು. ಸಂಜೆ ದಾರ ಹಿಡಿದರು, ಗಂಟು ಹಾಕಿದರು, ಗಾಡಿ ಕಡಿಮೆ ಇಳಿದಿದೆ ಎಂದು ಬಳೆಯನ್ನು ಮೂರು ಸುತ್ತು ಸಡಿಲ ಮಾಡಿದರು. ನಾನು ಬಳೆ ತಿರುಗಿಸುವ ಪಾನಾ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಭಾಲ್ಕಿಯಲ್ಲಿ ಮೊದಲ ಎರಡು ದಿಬ್ಬ ಸರಿಯಾಗಿಯೇ ದಾಟಿದೆ. ಮೂರನೆಯದು ಎತ್ತರ. ಇಳಿಯುವಾಗ ಹಿಂಭಾಗ ತಡೆಯಲಿಲ್ಲ. ಸ್ಪ್ರಿಂಗು ಪೂರ್ತಿ ಕುಸಿದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಕೇಳಿಸಿತು. ಗಾಡಿ ನನ್ನನ್ನು ಮುಂದಕ್ಕೆ ಎಸೆಯಿತು. ಎಡ ಮಣಿಕಟ್ಟು ಮುರಿಯಿತು. ನೋವು ಆಗ ಗೊತ್ತಾಗಲಿಲ್ಲ. ಆ ಕೈಯ ಎರಡು ಬೆರಳು ಈಗಲೂ ಜೋಮು ಹಿಡಿದಂತೆಯೇ ಇವೆ.

ಮಾಲೀಕರು ಗಾಡಿ ನೋಡಿದರು, ನನ್ನ ಕಡೆ ನೋಡಿದರು. "ಗಾಡಿ ಬಿಡಲಿಕ್ಕ ಬರೂದಿಲ್ಲ ಅಂದ್ರ ಹತ್ತಿದಿ ಯಾಕ?"

ಮಿಸ್ತ್ರಿ ನಡುವೆ ಬಂದರು. "ಹುಡುಗಂದೇನೂ ಇಲ್ರಿ ಸಾವ್ಕಾರ. ಸ್ಪ್ರಿಂಗ್ ಸಡ್ಲ ಬಿಟ್ಟವ ನಾ. ಚೀಲ ತೂಗಲಿಲ್ಲ. ಚೀಲದಾಗಿನ ಜೋಳ ತೆಗದವನೂ ನಾನೇ ಅನ್ರಿ."

"ಸ್ಪ್ರಿಂಗ್ ಬಿಗಿ ಮಾಡೂದ್ರಾಗ ಜೋಳದ್ದೇನು ಕೆಲಸ?"

"ನಿಮಗ ತಿಳಿಯೂದಿಲ್ರಿ. ತಪ್ಪು ನಂದು, ಅಷ್ಟ ತಿಳ್ಕೋರಿ."

ನಾನು ಮಣ್ಣಿನ ಮೇಲೆ ಕೂತಿದ್ದೆ. ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ.

ಮಾಲೀಕರು ಬೇರೆ ಮೆಕ್ಯಾನಿಕ್ಕನ್ನು ಕರೆಸಿದರು. ನನ್ನನ್ನು ಉಳಿಸಿಕೊಂಡರು. ಕೈ ಕೂಡುವವರೆಗೆ ಅಷ್ಟೂರಿನಲ್ಲಿ ಚೀಟಿ ಹರಿಯುವ ಕೆಲಸ ಕೊಟ್ಟರು. ಆ ಬೇಸಿಗೆ ನಾನು ಲಾರಿ ಹತ್ತಲಿಲ್ಲ. ಹತ್ತಿದವರು ಮಿಸ್ತ್ರಿ. ಶೆಡ್ಡಿಗೆ ಬೀಗ ಹಾಕಿ, ಹೆಂಡತಿಯ ಜೊತೆ ಹೈದರಾಬಾದಿಗೆ ಹೊರಟ ದಿನ ನನ್ನನ್ನು ಕರೆದು ನೀಲಿ ಗುರುತಿನ ಚೀಲ ಕೊಟ್ಟರು. ಬಾಯಿಯನ್ನು ದಬ್ಬಳದಿಂದ ಹೊಲಿದಿದ್ದರು.

"ಮನಿಗೆ ಒಯ್ಯಿ. ರೊಟ್ಟಿ ಮಾಡ್ಕೊಂಡು ತಿನ್ರಿ. ತೂಗಬ್ಯಾಡ."

"ಕಾಕಾ, ನಾ ಒಂದು ಮಾತು..."

"ಲಾರಿಗಿ ಹೊತ್ತಾಯ್ತು" ಎಂದರು. ಲಾರಿ ಇನ್ನೂ ಬಂದಿರಲಿಲ್ಲ.

ಎರಡು ವರ್ಷದ ನಂತರ ಅಲ್ಲೇ ತೀರಿಕೊಂಡರೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಅವರಿದ್ದ ಕಟ್ಟಡದ ಸೈಟು ಅವಳ ಗುಡಿಸಲಿನಿಂದ ದೂರವಿರಲಿಲ್ಲ. ಏನಾಗಿತ್ತು ಎಂದು ಕೇಳಿದೆ. ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ನಾನು ಆ ದಿನ ಗಾಡಿಗಳನ್ನು ತೊಳೆಸಿ, ಚೀಟಿ ಹರಿದು, ಊಟ ಮಾಡಿ ಮಲಗಿದೆ.

ಹೇಳದೆ ಬಿಟ್ಟದ್ದು ಒಂದಿದೆ. ಚೀಲವನ್ನು ಮಿಸ್ತ್ರಿ ಹೊರಟ ದಿನವೇ ಗಂಜಿಗೆ ಒಯ್ದು ತೂಗಿಸಿದ್ದೆ. ಆ ನೀಲಿ ಲೆಕ್ಕಕ್ಕಿಂತ ಕಡಿಮೆ ಬಂದದ್ದು ಒಂದು ಡಬ್ಬಿಯಷ್ಟಲ್ಲ, ಎರಡು ಡಬ್ಬಿಯಷ್ಟು. ಅಕ್ಕನನ್ನು ಕೇಳಿದ್ದೇನೆ. "ಒಂದ ಡಬ್ಬಿ ತಮ್ಮಾ, ಅದೂ ಬಾಯಿ ಮಟ್ಟ ಇರಲಿಲ್ಲ" ಎನ್ನುತ್ತಾಳೆ. ಇನ್ನೊಂದು ಡಬ್ಬಿಯನ್ನು ಅವರೇ ತೆಗೆದಿದ್ದರೆ ಭಾಲ್ಕಿಯಲ್ಲಿ ಅವರು ಆಡಿದ್ದು ತಮ್ಮ ತಪ್ಪಿನ ಮಾತು, ನನ್ನದು ಅದರ ಹಿಂದೆ ಅಡಗಿತು. ಇಲಿ ತಿಂದಿದ್ದರೆ, ಟ್ಯಾಂಕರಿನ ಸಾಲಿನಿಂದ ಅವರು ಒಮ್ಮೆ ಹಿಂತಿರುಗಿ ನನ್ನನ್ನು ನೋಡಿರಬೇಕು, ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿರಬೇಕು.

ಯಾವುದು ಎಂದು ನನಗೆ ಗೊತ್ತಿಲ್ಲ.